ಬೆಟ್ಟಸ್ವಾಮಿಗೆ ಸಿಕ್ಕ ಕ್ಷಮೆ

ಕಟ್ಟೆಮಳಲವಾಡಿಯ ಬೆಟ್ಟಸ್ವಾಮಿಗೆ ಮೆಲ್ಲಗೆ ಮಾತಾಡಿ ಗೊತ್ತಿಲ್ಲ. ಹಿಟ್ಟಿನ ಗಿರಣಿಯ ಗದ್ದಲದಲ್ಲಿ ಮೂವತ್ತೊಂದು ವರ್ಷ ಕೂಗಿ ಪಳಗಿದ ಗಂಟಲು ಅದು. ಊಟಕ್ಕೆ ಕೂತು ಉಪ್ಪು ಕೇಳಿದರೆ ಅಕ್ಕಪಕ್ಕದ ಮನೆಯವರೂ ಉಪ್ಪಿನ ಡಬ್ಬಿ ಹಿಡಿದು ಬರಬೇಕು. ಇನ್ನು ಕೇಳಿಸಿಕೊಳ್ಳುವ ಅಭ್ಯಾಸ ಅವನಿಗೆ ಯಾವತ್ತೋ ತಪ್ಪಿಹೋಗಿತ್ತು. ರಾಗಿ ತಂದ ಹೆಂಗಸರು ಏನು ಹೇಳಿಕೊಂಡರೂ ತಲೆಯಾಡಿಸುತ್ತಿದ್ದ. ಕಷ್ಟಸುಖ ಕೇಳುವ ಮನುಷ್ಯ ಎಂದು ಊರಲ್ಲಿ ಹೆಸರೂ ಬಂದಿತ್ತು. ಅವನಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲವೆಂದು ಪಾಪ ಅವರಿಗೇನು ಗೊತ್ತು?

ಆ ಗಂಟಲೇ ಅವನನ್ನು ಹಳ್ಳಕ್ಕೆ ಕೆಡವಿತು. ಹೆಂಡತಿ ವೀರಮ್ಮ ಐವತ್ತನಾಲ್ಕರ ವಯಸ್ಸಿನಲ್ಲಿ ಭಜನೆ ಸಂಘಕ್ಕೆ ಸೇರಿದ್ದಳು. ಗಿರಾಕಿ ಪುಟ್ಟಮಲ್ಲಪ್ಪ ಅದೇನು ಸಮಾಚಾರ ಎಂದು ವಿಚಾರಿಸಿದ. "ಅವಳ ಹಾಡಿಗಿಂತ ಈ ಮಿಷಿನ್ನೇ ವಾಸಿ ಕಣ್ಲಾ" ಎಂದು ಇವನು ಕೂಗುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಗಿರಣಿ ತಟ್ಟನೆ ನಿಂತು, ಮಾತು ಬೀದಿಯವರೆಗೂ ಕೇಳಿತು. ಅಲ್ಲಿದ್ದ ಏಳು ಹೆಂಗಸರಲ್ಲಿ ನಾಲ್ವರು ಭಜನೆ ಸಂಘದವರು. ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದವಳು ಸಾಕ್ಷಾತ್ ವೀರಮ್ಮ. ಡಬ್ಬಿಯನ್ನು ಕೆಳಗಿಟ್ಟು, ಮಧ್ಯಾಹ್ನದ ಬಸ್ಸಿಗೇ ಚುಂಚನಕಟ್ಟೆಯ ತವರಿಗೆ ಹೊರಟುಹೋದಳು.

ಎರಡು ದಿನ ಬೆಟ್ಟಸ್ವಾಮಿಗೆ ಊಟ ಸೇರಲಿಲ್ಲ. ಪಿರಿಯಾಪಟ್ಟಣದಿಂದ ಬಂದ ಮಗಳು ಚೈತ್ರ, ಅಮ್ಮನ ಮುಂದೆ ಹೋಗಲು ಮುಜುಗರವಾದರೆ ಮೊದಲು ಇದರ ಹತ್ತಿರ ಮನಸ್ಸು ಹಗುರ ಮಾಡಿಕೋ ಎಂದು ಅವನ ಮೊಬೈಲಿಗೆ ಕನ್ನಡದಲ್ಲಿ ಮಾತಾಡುವ ಎಐ ಗೆಳತಿಯೊಂದನ್ನು ಹಾಕಿಕೊಟ್ಟಳು.

ಅವನು ಮದುವೆಯ ದಿನದಿಂದ ಶುರುಮಾಡಿ ಎಲ್ಲವನ್ನೂ ಹೇಳಿಕೊಂಡ. ಅದು ಒಮ್ಮೆಯೂ ಅಡ್ಡಬಾಯಿ ಹಾಕಲಿಲ್ಲ. ಇದನ್ನು ವೀರಮ್ಮನವರ ಹತ್ತಿರವೇ ಹೇಳಿ ಎಂದು ದಿನಾ ಬುದ್ಧಿ ಹೇಳಿತು, ಅದರ ಮೇಲೆ ಸುಳ್ಳು ಹೊರಿಸಬಾರದು. ಆಗಲಿ ತಾಯಿ ಎಂದು ಇವನು ನಾಳೆಗೆ ತಳ್ಳಿದ. ಕೊನೆಗೆ ಅದು, ಬೇಕಾದರೆ ನಾನೇ ವೀರಮ್ಮ ಎಂದುಕೊಂಡು ಅಭ್ಯಾಸ ಮಾಡಿ ಎಂದಿತು. ಇವನು ಕೈಮುಗಿದು, ಕಣ್ಣಲ್ಲಿ ನೀರು ತಂದುಕೊಂಡು ತಪ್ಪಾಯಿತು ಎಂದ. ಮೂರೇ ಸೆಕೆಂಡಿನಲ್ಲಿ ಅದು ಕ್ಷಮಿಸಿತು. ಅಂದು ಎರಡು ಮುದ್ದೆ ಇಳಿಸಿ ಹಾಯಾಗಿ ಮಲಗಿದ.

ಹತ್ತನೆಯ ದಿನ ಚೈತ್ರ ಫೋನು ಮಾಡಿ, ಅಮ್ಮನ ವಿಷಯ ಏನಾಯಿತೆಂದು ಕೇಳಿದಳು.

"ಎಲ್ಲಾ ಮುಗೀತು ಕಣವ್ವ, ಕ್ಷಮಿಸ್ಬುಟ್ಲು."

"ಯಾರಪ್ಪ?"

ಮೊಬೈಲು ಎನ್ನಲು ಹೊರಟ ಬೆಟ್ಟಸ್ವಾಮಿಗೆ, ಕ್ಷಮಿಸಿದ್ದು ವೀರಮ್ಮನಲ್ಲವೆಂದು ಆಗ ಹೊಳೆಯಿತು. ಇಷ್ಟು ದಿನವಾದರೂ ಕರೆಯಲು ಬಾರದ ಗಂಡನ ಮನೆಗೆ ಅವಳು ಇನ್ನು ಬರುವುದೇ ಇಲ್ಲವೇನೋ ಎಂದು ಹೆದರಿಕೆಯಾಯಿತು. ಗಿರಣಿಗೆ ಬೀಗ ಜಡಿದು ಸಿಕ್ಕ ಬಸ್ಸು ಹತ್ತಿದ.

ವೀರಮ್ಮ ತವರಿನ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ಅಭ್ಯಾಸ ಮಾಡಿದ್ದನ್ನೆಲ್ಲ ಇವನು ಗಡಗಡ ಒಪ್ಪಿಸಿದ. ಅಲ್ಲಿಗೆ ನಿಲ್ಲಿಸಬಾರದಿತ್ತೇ? ದಿನಾ ಮೊಬೈಲಿನ ಮುಂದೆ ಅತ್ತದ್ದನ್ನೂ ಅದು ಆಗಲೇ ಕ್ಷಮಿಸಿದ್ದನ್ನೂ ಸೇರಿಸಿದ.

"ನೋವಾಗಿದ್ದು ಅದಕ್ಕಾ, ಕ್ಷಮಿಸೋಕೆ?" ವೀರಮ್ಮ ತಲೆ ಎತ್ತಲಿಲ್ಲ. "ನಿಮ್ಮ ಸಂಕಟಾನೆಲ್ಲ ಅದಕ್ಕೆ ಯೋಳ್ಕಂಡ್ರಿ. ನಂದೇನು ಅಂತ ಒಂದು ದಿನ ಕೇಳಿದ್ರಾ?"

ಕೇಳಿರಲಿಲ್ಲ. ಈ ಹತ್ತು ದಿನವಲ್ಲ, ಮದುವೆಯಾದಾಗಿನಿಂದ ಕೇಳಿರಲಿಲ್ಲ. ಬೆಟ್ಟಸ್ವಾಮಿಗೆ ನಾಚಿಕೆಯಾಯಿತು. ಪಕ್ಕದಲ್ಲಿ ಕುಳಿತು, ಒಂದು ಹಿಡಿ ಅವರೆಕಾಯಿ ಎಳೆದುಕೊಂಡು, "ಯೋಳು" ಎಂದ.

ಅವಳು ಹೇಳಿದಳು. ತನ್ನ ದನಿ ಒಡಕು ಎಂದು ತನಗೂ ಗೊತ್ತು. ಆದರೂ ವಾರಕ್ಕೆ ಆ ಒಂದು ಗಂಟೆ ನಾಲ್ಕು ಜನ ತನ್ನ ಕಡೆ ಕಿವಿಗೊಡುತ್ತಿದ್ದರು, ಅದಕ್ಕೇ ಹೋಗುತ್ತಿದ್ದದ್ದು ಎಂದಳು. ಅಲ್ಲಿಂದ ಅತ್ತೆಯ ಕಾಲಕ್ಕೆ ಹೋದಳು, ಬಾಣಂತನಕ್ಕೆ ಬಂದಳು. ಬೈದಳು, ಅತ್ತಳು, ಮತ್ತೆ ಬೈದಳು. ನೂರು ಸಮಜಾಯಿಷಿ ಇವನ ನಾಲಗೆಯವರೆಗೆ ಬಂದವು, ಎಲ್ಲವನ್ನೂ ನುಂಗಿಕೊಂಡ. ಕಾಯಿ ಮುಗಿದು ಪಾತ್ರೆ ತುಂಬಿತು, ಜಗಲಿಯ ಬಿಸಿಲು ಅಂಗಳಕ್ಕೆ ಇಳಿಯಿತು, ಅವಳ ಮಾತು ಮುಗಿಯಲಿಲ್ಲ.

ಕೊನೆಗೆ ಅವಳು ಎದ್ದು ಸೆರಗು ಕೊಡವಿ, ಒಳಗೆ ಹೋಗಿ ತನ್ನ ಬ್ಯಾಗು ತಂದಳು.

"ಇನ್ನೂ ಅರ್ಧಾನೂ ಆಗಿಲ್ಲ," ಎಂದಳು. "ಮಿಕ್ಕಿದ್ದನ್ನ ಬಸ್ಸಲ್ಲಿ ಯೋಳ್ತೀನಿ, ನಡೀರಿ."