ಮಧ್ವರಾಜರಾಯರ ಕೋಪ

ಕಲ್ಕತ್ತೆಯಲ್ಲಿ ರೈಲ್ವೆ ನೌಕರಿ ಮುಗಿಸಿದ ನಮ್ಮ ಮಧ್ವರಾಜರಾಯರ ಕೋಪವನ್ನು ನೀವು ನೋಡಬೇಕಿತ್ತು. ಮೆರವಣಿಗೆ ಬಂದು ಟ್ರಾಮು ನಿಂತಿತೋ, ಬೈಗುಳವೆಲ್ಲ ಸರಕಾರಕ್ಕೆ: "ಕೆಂಪು ಬಾವುಟಕ್ಕೆ ಬೀದಿಯೆಲ್ಲ ಉಂಟು, ಮುದುಕನಿಗೆ ಒಂದು ಮೂತ್ರಾಲಯ ಇಲ್ಲ ಮಾರಾಯ್ರೆ." ಆಮೇಲೆ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಸಿದವನಿಗೆ. ಇಳಿದು ಓಡಿ ಗೋಡೆಯ ಮುಂದೆ ನಿಂತರೆ ಬರುವುದು ನಾಲ್ಕೇ ಹನಿ; ಆ ಗೋಡೆಗೂ ಬೈಗುಳ. ಕಡೆಗೆ ಹೆಂಡತಿ ವನಮಾಲಾ ಡಾಕ್ಟರರ ಬಳಿ ಎಳೆದೊಯ್ದರು. ಡಾಕ್ಟರು ಎಲ್ಲ ಕೇಳಿ, "ಗಂಡಹೆಂಡಿರ ಸಂಬಂಧ ಹೇಗಿದೆ? ಈ ವಯಸ್ಸಿನಲ್ಲಿ ಮೂತ್ರದ ತೊಂದರೆ, ಹಾಸಿಗೆಯ ತೊಂದರೆ ಎರಡೂ ಒಟ್ಟಿಗೆ ಬರುವುದುಂಟು, ಎರಡಕ್ಕೂ ಮದ್ದುಂಟು" ಎಂದರು. ರಾಯರು ಧಡಕ್ಕನೆ ಎದ್ದು ಹೊರಬಿದ್ದರು. "ನಾನು ಹೇಳಿದ್ದು ಎಂತ, ಅವ ಕೇಳುವುದು ಎಂತ? ಮರ್ಯಾದೆ ಉಂಟಾ ಅವನಿಗೆ?" ಎಂದು ಮೆಟ್ಟಿಲಿಳಿಯುತ್ತಲೇ ಕೂಗಾಡಿದರು. ಹಿಂದೆ ಇಳಿಯುತ್ತಿದ್ದ ವನಮಾಲಾ ಮೆಲ್ಲಗೆ ಕೇಳಿದರು: "ಹಾಗಾದ್ರೆ ನೀವು ಎರಡು ವರ್ಷದಿಂದ ಬೇರೆ ಮಲಗಿದ್ದು ನನ್ನ ಮೇಲಿನ ಬೇಸರಕ್ಕಲ್ಲವಾ?" "ನಿನ್ನ ಮೇಲೆ ಬೇಸರ ಎಂತಕ್ಕೆ ಮಾರಾಯ್ತಿ," ಎಂದಷ್ಟೇ ಹೇಳಿ, ರಾಯರು ತಿರುಗಿ ಮೆಟ್ಟಿಲು ಹತ್ತತೊಡಗಿದರು.