ಸರಪಳಿ ಉಪವಾಸದಲ್ಲಿ ನನ್ನ ದಿನ

ಅಂದು ಮಧ್ಯಾಹ್ನ ಹುರುಳಿ ಸಾರು ಕುದಿಯುತ್ತಿತ್ತು. ಮನೆಯವರು ಜೀನ್ಸ್ ಹೊಲಿಯುವ ಕಡೆಯಿಂದ ಊಟಕ್ಕೆ ಬರುವ ಹೊತ್ತು. ಸೌಟಿನಿಂದ ಒಂದು ತೊಟ್ಟು ಸಾರನ್ನು ಅಂಗೈಗೆ ಬಿಟ್ಟುಕೊಂಡು ನೆಕ್ಕಿದೆ. ಉಪ್ಪು ಸಾಲದೆನಿಸಿ ಚಿಟಿಕೆ ಹಾಕಿ ಇನ್ನೊಮ್ಮೆ ನೆಕ್ಕಿದೆ. ಆಮೇಲೆ ನೆನಪಾಯಿತು, ಇವತ್ತು ನನ್ನ ದಿನ.

ರಾಯದುರ್ಗದ ನಮ್ಮ ಕ್ರೈಸ್ತ ಸಭೆಯ ಹೆಂಗಸರು ನನ್ನ ಅಕ್ಕನಿಗಾಗಿ ಸರಪಳಿ ಉಪವಾಸ ಹಿಡಿದಿದ್ದೆವು. ಏಳು ದಿನ, ಏಳು ಮನೆ. ಒಬ್ಬೊಬ್ಬಳಿಗೆ ಒಂದೊಂದು ದಿನ. ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಬಾಯಿಗೆ ನೀರೂ ಹಾಕುವಂತಿಲ್ಲ. ಏಳನೆಯ ದಿನ ಹಿಂದೂಪುರದ ಆಸ್ಪತ್ರೆಯಲ್ಲಿ ಅಕ್ಕನ ಗರ್ಭಕೋಶದ ಗಡ್ಡೆ ತೆಗೆಯುವುದಿತ್ತು. ಆ ದಿನವನ್ನು ಒಡಹುಟ್ಟಿದವಳೇ ಹಿಡಿಯಲಿ ಎಂದು ನನಗೆ ಬಿಟ್ಟಿದ್ದರು.

ಬಚ್ಚಲಿಗೆ ಓಡಿ ಉಗಿದೆ. ಉಗಿಯುವುದಕ್ಕೆ ಬಾಯಲ್ಲಿ ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಫೋನು. ಅಕ್ಕನ ಗಂಡ, ನಮ್ಮ ಭಾವ.

"ಮಂಪರು ಕೊಟ್ಟ ಮೇಲೆ ಬಿಪಿ ಬಿದ್ದೋಯ್ತಂತಮ್ಮ. ಕೊಯ್ಯದೇನೆ ಈಚೆಗೆ ತಂದವ್ರೆ. ಐಸಿಯುನಾಗೆ ಮಡಗವ್ರೆ. ಇನ್ನೂ ಎಚ್ರ ಇಲ್ಲ."

"ಯಾವಾಗ ಭಾವ?"

"ಈಗಲೇ. ಒಂದು ಹತ್ನಿಮಿಷ ಆಗಿರಬೋದು."

ಬೇಡವೆಂದರೂ ಕಣ್ಣು ಗಡಿಯಾರದ ಕಡೆ ಹೋಯಿತು. ಹತ್ತು ನಿಮಿಷದ ಹಿಂದೆ ನಾನು ಒಲೆಯ ಮುಂದಿದ್ದೆ.

ಅಕ್ಕನೂ ನಾನೂ ಮಡಕಶಿರಾ ಕಡೆಯವರು, ಒಂದೇ ದಿನ ದೀಕ್ಷಾಸ್ನಾನ ತೆಗೆದುಕೊಂಡವರು. ನನ್ನನ್ನು ಸಭೆಗೆ ಹೋಗುವ ಮನೆಗೆ ಕೊಟ್ಟರು. ಅವಳನ್ನು ಅಮರಾಪುರದ ಹತ್ತಿರ, ಸೋದರಮಾವನ ಮಗನಿಗೆ ಕೊಟ್ಟರು. ಕುರಿ ಸಾಕುವ ಮನೆ. ಅಲ್ಲಿ ನಮ್ಮ ನಂಬಿಕೆಯವರು ಯಾರೂ ಇಲ್ಲ. ವರ್ಷಕ್ಕೆ ಎರಡು ಸಲ ಆರಾಧನೆಗೆ ಹೋದರೆ ಹೆಚ್ಚು. ಕುರಿಗಳಿಗೆ ಭಾನುವಾರ ಗೊತ್ತಿಲ್ಲ ಕಣೇ ಎನ್ನುತ್ತಿದ್ದಳು.

ಮರುದಿನ ಸಂಜೆ ಅವಳಿಗೆ ಎಚ್ಚರವಾಯಿತು, ಅದೊಂದು ಕೃಪೆ. ಭಾವ ಆಸ್ಪತ್ರೆ ಬಿಟ್ಟು ಕದಲಲಿಲ್ಲ, ಅದೂ ಕೃಪೆಯೇ. ಆದರೆ ಗಡ್ಡೆ ಇದ್ದಲ್ಲೇ ಇತ್ತು. ಹತ್ತು ದಿನ ಬಿಟ್ಟು ಮತ್ತೆ ನೋಡೋಣ ಎಂದರಂತೆ ಡಾಕ್ಟರು.

ಆ ವಾರದ ಕೂಟದಲ್ಲಿ ಯಾರೋ ಮೆಲ್ಲಗೆ, "ಯಾವ ಕೊಂಡಿ ಸಡ್ಲಾತೋ ಏನೋ" ಎಂದರು. ತಡೆಯಲಾಗಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಪಾಸ್ಟರ ಹೆಂಡತಿಗೆ ಹೇಳಿಬಿಟ್ಟೆ. ಅವರನ್ನು ನಾವು ಅಮ್ಮಗಾರು ಎನ್ನುತ್ತೇವೆ.

"ಉಪ್ಪು ನೋಡಾಕ ಮನ್ಯಾಗ ಮಗಳಿದ್ದಿಲ್ಲೇನು?"

"ಶಾಲಿಗೆ ಹೋಗಿದ್ಲ್ರಿ. ಕೈ ತಾನಾಗೇ ಹೋತ್ರಿ ಅಮ್ಮಗಾರು. ಇಪ್ಪತ್ತು ವರ್ಷದ ರೂಢಿ."

"ರೂಢಿಗೆ ದೇವರು ರಿಯಾಯ್ತಿ ಕೊಡತಾನೇನು?" ಎಂದರು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಅಕ್ಕನ ಕಡೀಲೆ ಏನೈತಿ ಹೇಳು ತಾಯಿ. ಕೂಟಕ್ಕ ಬಂದಾಕಿ ಅಲ್ಲ, ಸೇವಾ ಮಾಡಿದಾಕಿ ಅಲ್ಲ. ಆಕಿ ಪರವಾಗಿ ನಾವು ಉಪವಾಸ ಹಿಡೀದಿದ್ರ ಆಕಿ ಆತನ ಮುಂದ ಬರಿಗೈಲೆ ಹೋಗಿ ನಿಲ್ಲಬೇಕಾಗತೈತಿ. ಆಪರೇಷನ್ ಮುಂಚೆ ಮೂರು ದಿನ ನೀನೊಬ್ಬಾಕಿನೇ ಉಪವಾಸ ಇರು. ಹಗಲೂ ರಾತ್ರಿ. ನೀರೂ ಬ್ಯಾಡ."

ಅಮ್ಮಗಾರು ಕಲ್ಲು ಮನಸ್ಸಿನವರಲ್ಲ. ಅವರ ಯಜಮಾನರಿಗೆ ಲಕ್ವ ಹೊಡೆದು ಒಂದು ಮಗ್ಗುಲು ಸೆಳೆದು ಹೋಗಿದ್ದಾಗ ಇಪ್ಪತ್ತೊಂದು ದಿನ ಉಪವಾಸವಿದ್ದರು. ಪಾಸ್ಟರು ಎದ್ದು ನಡೆದರು. ಅಮ್ಮಗಾರು ತಾವು ಕಂಡದ್ದನ್ನೇ ಹೇಳುತ್ತಿದ್ದರು. ಅದಕ್ಕೇ ನನಗೆ ಇನ್ನೂ ಭಯವಾಯಿತು.

ಮೂರು ದಿನದ ಉಪವಾಸಕ್ಕೆ ಕೂತೆ. ಎರಡನೆಯ ದಿನ ಮಧ್ಯಾಹ್ನ ಕಣ್ಣು ಕತ್ತಲಿಟ್ಟು ಗೋಡೆಗೆ ಒರಗಿದ್ದಾಗ ಅಕ್ಕನೇ ಫೋನು ಮಾಡಿದಳು.

"ಯಾಕೆ ನಿನ್ ದನಿ ಹಿಂಗೈತೆ? ಕಾಯಿಲೆ ನಂಗೋ ನಿಂಗೋ?"

ಅಕ್ಕನ ಜೊತೆ ಮಾತಿಗೆ ಕೂತರೆ ನನ್ನ ನಾಲಿಗೆಯೂ ತವರಿನ ಕಡೆ ತಿರುಗುತ್ತದೆ. ಸಾರಿನಿಂದ ಹಿಡಿದು ಎಲ್ಲ ಹೇಳಿದೆ. ಅವಳು ಕೇಳಿದ್ದು ಇಷ್ಟೇ:

"ಉಪ್ಪು ಸರಿಯಾಯ್ತಾ ಕೊನೆಗೆ?"

"ತಮಾಷೆ ಬೇಡ ಕಣಕ್ಕ. ನನ್ ದೆಸೆಯಿಂದ ನೀನು ಸಾಯ್ತಿದ್ದೆ."

"ನಿನ್ ನಾಲಿಗೆ ಮ್ಯಾಲೆ ಮಡಗವ್ನಾ ಆತ ನನ್ ಜೀವಾನ? ಹಂಗಿದ್ರೆ ಎಂದೋ ಹೋಗಿರ್ತಿದ್ದೆ. ಸಣ್ಣೋಳಿದ್ದಾಗ ಡಬ್ಬಿ ಬೆಲ್ಲ ಬಿಟ್ಟಿದ್ದೇನು ನೀನು?"

"ನೀನು ಬರಿಗೈಲಿ ನಿಲ್ಬೇಕಾಗ್ತೈತಂತೆ."

"ನಿಲ್ತೀನಿ. ತಟ್ಟೆ ತುಂಬಿಸ್ಕೊಂಡು ಹೋಗೋಕೆ ಅದೇನು ಮದುವೆ ಮನೆಯಾ? ಶಿಲುಬೆ ಮ್ಯಾಲೆ ಆತ ಮಾಡಿದ್ದೇ ಸಾಕು ಅಂತ ನಂಬಿ ಅಲ್ವೇನೇ ಇಬ್ರೂ ನೀರಿಗಿಳಿದಿದ್ದು? ನೀನು ಮೂರು ದಿನ ಒಣಗಿ ಅದುಕ್ಕೆ ಏನು ಸೇರಿಸ್ತೀಯ?" ಆಮೇಲೆ ಉಸಿರು ತೆಗೆದುಕೊಂಡು ಹೇಳಿದಳು: "ನಂಗೂ ಹೆದ್ರಿಕೆ ಐತೆ ಕಣೇ. ಅದುಕ್ಕೇ ಹೇಳ್ತಿದ್ದೀನಿ. ಉಂಡು ಪ್ರಾರ್ಥನೆ ಮಾಡು."

ಬೆಳಗಿನ ರೊಟ್ಟಿ ಒಂದಿತ್ತು. ತಿಂದೆ. ಮೊದಲ ತುತ್ತನ್ನು ನೀರು ಕುಡಿದು ಇಳಿಸಿದೆ. ಎಷ್ಟು ವರ್ಷದಿಂದ ಕೃಪೆ, ಕೃಪೆ ಎಂದು ಹಾಡಿದ್ದೇನೆ. ಆ ಒಂದು ರೊಟ್ಟಿಯಷ್ಟು ಕಷ್ಟ ಯಾವ ಉಪವಾಸವೂ ಆಗಿರಲಿಲ್ಲ. ಹಸಿದಿದ್ದರೆ ಏನೋ ಹಿಡಿದುಕೊಂಡಿದ್ದೇನೆ ಅನ್ನಿಸುತ್ತದೆ. ತಿಂದ ಮೇಲೆ ಕೈಯಲ್ಲಿ ಏನೂ ಇರುವುದಿಲ್ಲ. ಫೋನು ಕಿಣಿ ಎಂದಾಗಲೆಲ್ಲ ಭಾವನದೇ ಇರಬೇಕೆಂದು ಓಡುತ್ತಿದ್ದೆ.

ಮರುದಿನ ಸಂಜೆ ಅಮ್ಮಗಾರು ಬಂದರು. ಬೆಳಗಾದರೆ ಆಪರೇಷನ್. ಅವರು ಕೇಳುವ ಮೊದಲೇ, "ತಿಂದೆನ್ರಿ" ಎಂದೆ. ಅಕ್ಕನ ಮಾತನ್ನೂ ಹೇಳಿದೆ.

ಅವರು ಬೈಯಲಿಲ್ಲ. "ನಾಳೆ ಏನಾದ್ರೂ ಆದ್ರ, ನಿನ್ನಿಂದ ಆತು ಅಂತ ನಾನು ಅನ್ನಂಗಿಲ್ಲ. ನೀನೇ ಅಂತೀ. ಸಾಯೋತನಕ ಅಂತೀ. ಅದಕ್ಕ ನಾನು ಹೇಳಿದ್ದು."

ಆ ಮಾತು ಸುಳ್ಳೆಂದು ನನಗೆ ಅನ್ನಿಸಲಿಲ್ಲ. "ಅಂತೀನೋ ಏನೋ ರಿ. ಅದನ್ನೂ ಆತನೇ ಹೊರಬೇಕು. ನನ್ನ ಕೈಲೆ ಆಗಂಗಿಲ್ಲ" ಎಂದೆ.

ಚಹಾ ಕೊಟ್ಟರೆ ಮುಟ್ಟಲಿಲ್ಲ. ನನ್ನಿಂದ ಆಗಲಿಕ್ಕಿಲ್ಲ ಅನ್ನಿಸಿ ಮುಂಜಾನೆಯಿಂದ ನನ್ನ ಬದಲಿಗೆ ತಾವೇ ಉಪವಾಸ ಇರುವುದಾಗಿ ಹೇಳಿದರು. ನನ್ನ ತಲೆಯ ಮೇಲೆ ಕೈಯಿಟ್ಟು ತೆಲುಗಿನಲ್ಲಿ ಪ್ರಾರ್ಥನೆ ಮಾಡಿದರು.

ಅವರು ಹೋದ ಮೇಲೆ ಭಾವ ಫೋನು ಮಾಡಿದರು. ಬೆಳಿಗ್ಗೆ ಎಂಟಕ್ಕೆ ಒಳಗೆ ಕರೆದುಕೊಂಡು ಹೋಗುತ್ತಾರಂತೆ. ಈ ಸಲ, ಜೀವಕ್ಕೆ ಏನಾದರೂ ಆದರೆ ಆಸ್ಪತ್ರೆ ಹೊಣೆಯಲ್ಲ ಎಂಬ ಇನ್ನೊಂದು ಕಾಗದಕ್ಕೂ ಸಹಿ ಹಾಕಿಸಿಕೊಂಡರಂತೆ. ಅಕ್ಕ ನಿದ್ದೆ ಮಾಡುತ್ತಿದ್ದಾಳೆ ಎಂದರು. ಅವಳಿಗೆ ನಿದ್ದೆ ಬಂದಿತ್ತಲ್ಲ, ಅಷ್ಟಾದರೂ ಸಿಕ್ಕಿತು.

ಕಣ್ಣು ಮುಚ್ಚಿ ಅವಳ ಹೆಸರು ಹೇಳಿದೆ. ಅದರ ಮುಂದೆ ಸೇರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಹಿಟ್ಟಿನ ಗಿರಣಿ ಮುಚ್ಚಲು ಇನ್ನೂ ಹೊತ್ತಿತ್ತು. ನಾಳೆಯ ರೊಟ್ಟಿಗೆಂದು ಜೋಳದ ಮೊರವನ್ನು ಮುಂದಿಟ್ಟುಕೊಂಡು ಕಲ್ಲು ಆರಿಸತೊಡಗಿದೆ.