ಕೌಲಾಲಂಪುರದಿಂದ ನಾನು ಹೇಳಿದ ಚಾಡಿ

ನನ್ನ ತಂಗಿ ರೇವತಿ ಪರದೇಶಕ್ಕೆ ಓದಲು ಬಂದಾಗ ಅವಳ ಬೆನ್ನಿಗೆ ನಿಲ್ಲಬೇಕಾದವನು ನಾನು. ನಿಲ್ಲಲಿಲ್ಲ. ಅವಳನ್ನು ಒಂದು ಮಾತೂ ಕೇಳದೆ, ಒಂದು ಫೋಟೊ ನೋಡಿ, ಸೇಲಂನ ನಮ್ಮ ಮನೆಗೆ ಫೋನ್ ಮಾಡಿ ಚಾಡಿ ಹೇಳಿದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಮುಂದಿನದನ್ನು ಓದುವಾಗ ನನ್ನನ್ನು ಯಾರೂ ಒಳ್ಳೆಯವನೆಂದು ತಿಳಿಯುವುದು ಬೇಡ. ನನ್ನನ್ನು ಬೈಯಬೇಕೆನಿಸಿದರೆ ಬೈಯಿರಿ. ರೇವತಿಯನ್ನು ಬೈಯಲು ಕಾರಣ ಹುಡುಕುತ್ತಿರುವವರು ಮಾತ್ರ ಇಲ್ಲಿಗೇ ನಿಲ್ಲಿಸಬಹುದು. ಅಂಥವರಿಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ.

ಅವಳು ಬರುವ ಹೊತ್ತಿಗೆ ನಾನು ಮಲೇಷ್ಯಾಕ್ಕೆ ಬಂದು ಐದು ವರ್ಷವಾಗಿತ್ತು. ಕೌಲಾಲಂಪುರದ ಒಂದು ಹೋಟೆಲಿನಲ್ಲಿ ಟೀ ಮಾಡುತ್ತೇನೆ. ಬಂದ ಮೊದಲ ಬೆಳಿಗ್ಗೆ, ಯಾವ ಭಾಷೆ ಕಿವಿಗೆ ಬೀಳುತ್ತದೋ ಎಂದು ಹೆದರಿ ನಿಂತಿದ್ದೆ. ಚೀನೀ ಮುಖದ ಒಬ್ಬ ಮುದುಕ ಬಂದು ಕುರ್ಚಿ ಎಳೆದು ಕೂತು, ತಮಿಳಿನಲ್ಲಿ, "ತಂಬಿ, ಒರು ಟೀ" ಎಂದ. ಸೇಲಂ ಬಸ್ ನಿಲ್ದಾಣದಲ್ಲಿ ಕೇಳಿದ ಹಾಗೆಯೇ ಇತ್ತು. ಸಮುದ್ರ ದಾಟಿ ಬಂದದ್ದು ನಿಜವೋ ಸುಳ್ಳೋ ಎಂದು ಅನುಮಾನವಾಯಿತು.

ಇಲ್ಲಿಯ ಟೀಗೆ 'ತೆ ತಾರಿಕ್' ಎನ್ನುತ್ತಾರೆ, ಎಳೆದ ಟೀ ಎಂದು ಅರ್ಥ. ಒಂದು ಲೋಟದಿಂದ ಇನ್ನೊಂದಕ್ಕೆ ಮೊಳದುದ್ದ ಎಳೆದು ನೊರೆ ಬರಿಸಬೇಕು. ನನ್ನ ಕೈಗೆ ಅದು ಬೇಗ ಬಂತು. ಉಳಿದದ್ದು ಬರಲಿಲ್ಲ. ಸೇಲಂನ ನೇಕಾರರ ಬೀದಿಯಲ್ಲಿ ನಮ್ಮ ಮನೆಯ ನಡುಮನೆ ಪೂರ್ತಿ ಮಗ್ಗದ್ದು, ನಾವು ಅದರ ಸುತ್ತ ಉಳಿದ ಜಾಗದಲ್ಲಿ ಮಲಗುತ್ತಿದ್ದೆವು. ಇಲ್ಲಿ ಹೋಟೆಲಿನ ಮೇಲಿನ ಕೋಣೆಯಲ್ಲಿ ಒಂಬತ್ತು ಜನ, ಒಬ್ಬರ ಮೇಲೊಬ್ಬರ ಮಂಚ. ಅಲ್ಲಿ ಅಮ್ಮನ ತವರು ಪಾಪಿರೆಡ್ಡಿಪಟ್ಟಿ ಕಡೆಯಿಂದ ಬರುವ ರಾಗಿಯ ಮುದ್ದೆ, ಇಲ್ಲಿ ಎಲ್ಲದರಲ್ಲೂ ಒಣಮೀನಿನ ವಾಸನೆ. ಮೀನು ಬಿಟ್ಟು ತಿನ್ನುವುದನ್ನು ಕಲಿತೆ, ಆಮೇಲೆ ಮೀನನ್ನೇ ತಿನ್ನುವುದನ್ನು ಕಲಿತೆ.

ಹೆಚ್ಚು ಕಾಡಿದ್ದು ಕನ್ನಡ. ಊರಲ್ಲಿ ಹೊಸ್ತಿಲ ಒಳಗೆ ಕನ್ನಡ, ಹೊರಗೆ ತಮಿಳು. ಇಲ್ಲಿ ನನಗೆ ಹೊಸ್ತಿಲೇ ಇರಲಿಲ್ಲ. ಎರಡು ವರ್ಷದ ಮೇಲೆ ಕೊಳ್ಳೇಗಾಲದ ಕಡೆಯ ಮಾದೇವ ಅಡುಗೆಗೆ ಸೇರಿದ. ನನ್ನ ಮಾತು ಕೇಳಿ, "ಇದ್ಯಾವ್ ಕನ್ನಡ್ವಪ್ಪಾ, ಇದ್ಕೂ ಪಾಸ್‌ಪೋರ್ಟ್ ಕೊಟ್ಬುಟ್ರಾ?" ಎಂದು ನಕ್ಕ. ನಾನು ತಮಿಳು ಶಾಲೆಯಲ್ಲಿ ಎಂಟನೆಯ ತರಗತಿಯವರೆಗೆ ಓದಿ ಮಗ್ಗಕ್ಕೆ ಕೂತವನು. ಕನ್ನಡದ ಅಕ್ಷರ ಕಂಡಿರಲಿಲ್ಲ. ಅವನು ಪರೋಟದ ಹಲಗೆಯ ಮೇಲೆ ಮೈದಾ ಹರಡಿ, ಬೆರಳಲ್ಲಿ ಗೀಚಿ ಕಲಿಸಿದ. ಈ ಬರಹವನ್ನು ತಿದ್ದಿದವನೂ ಅವನೇ.

ರೇವತಿ ನನಗಿಂತ ಏಳು ವರ್ಷ ಚಿಕ್ಕವಳು. ಸೇಲಂನ ಕಾಲೇಜಿನಲ್ಲಿ ಜವಳಿ ತಂತ್ರಜ್ಞಾನ ಓದುತ್ತಿದ್ದಳು. ಮೂರನೆಯ ವರ್ಷದಲ್ಲಿ, ಒಂದು ಸೆಮಿಸ್ಟರ್ ಕೌಲಾಲಂಪುರದಲ್ಲಿ ಓದಲು ಕಾಲೇಜು ಅವಳನ್ನು ಆರಿಸಿತು. ಮನೆಯಲ್ಲಿ ಸಭೆ ಕೂತಿತು. ನನ್ನನ್ನೂ ಫೋನಿನಲ್ಲಿ ಸೇರಿಸಿಕೊಂಡರು.

"ಒಂಟಿ ಎಣ್ಣು ಪ್ಲೇನ್ ಅತ್ತಿ ಓಗ್ತದಾ?" ದೊಡ್ಡಪ್ಪನ ದನಿ.

"ಅವಳಣ್ಣ ಅಲ್ಲೇ ಅವ್ನಲ್ಲ," ಎಂದರು ಅಪ್ಪ. "ಲೇ ಸರವಣಾ, ನೋಡ್ಕತೀಯೇನ್ಲಾ?"

"ನೋಡ್ಕತೀನಪ್ಪ," ಎಂದೆ. ಅಷ್ಟರ ಮೇಲೆ ಅವಳು ಬಂದಳು.

ಬಂದ ಮೂರನೆಯ ದಿನ ಹೋಟೆಲಿಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಮ್ಮ ಕಡೆ ಮನೆತನದ ಹೆಸರಿಲ್ಲ, ಹೆಸರಿನ ಮುಂದೆ ಅಪ್ಪನ ಮೊದಲಕ್ಷರ ಅಷ್ಟೆ. ಪಾಸ್‌ಪೋರ್ಟಿನಲ್ಲಿ ಆ ಅಕ್ಷರ ಪೂರ್ತಿ ಹೆಸರಾಗಿ ಬಿಚ್ಚಿಕೊಂಡಿತ್ತು. ಇಲ್ಲಿಯ ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಅಪ್ಪನ ಹೆಸರಿನಿಂದಲೇ, ಸೌಡಪ್ಪ ಎಂದು, ಕರೆಯುತ್ತಿದ್ದರು.

"ಅಣ್ಣಾ, ಮೂರ್ನೇ ಕ್ಲಾಸ್‌ಗೆ ನಿಂತ ಸೌಡಪ್ಪನು ಈಗ ದಿನಾ ಒಂಬತ್ ಗಂಟೆಗೆ ಯೂನಿವರ್ಸಿಟೀಲಿ ಆಜರ್ ಆಯ್ತಾವ್ನೆ!"

ಆ ನಗುವಿನಲ್ಲಿ ನಾನೂ ಸೇರಿದೆ. ಆದರೆ ತಿಂಗಳು ಕಳೆಯುವುದರೊಳಗೆ ನನ್ನ ನಗು ಕಡಿಮೆಯಾಯಿತು. ಅವಳು ರೈಲಿನ ನಕ್ಷೆ ಬಾಯಿಪಾಠ ಮಾಡಿದಳು. ಮಲಾಯ್ ಭಾಷೆಯಲ್ಲಿ ಚೌಕಾಸಿ ಮಾಡಿ ಚಪ್ಪಲಿ ಕೊಂಡಳು. ಶನಿವಾರ ಬಂದರೆ ಗೆಳತಿಯರ ಜೊತೆ ಬಸ್ ಹತ್ತಿ ಪೆನಾಂಗ್ ಎಂದಳು, ಮಲಾಕ್ಕಾ ಎಂದಳು. ಒಮ್ಮೆ ಮಳೆಗೆ ರಸ್ತೆ ಮುಚ್ಚಿ ಬಸ್ಸಿನಲ್ಲೇ ಒಂದು ಹಗಲು ಕಳೆದು, ಚಾಲಕನಿಗೆ ನಮ್ಮ ಚಟ್ನಿಪುಡಿ ತಿನ್ನಿಸಿ ಬಂದಳು.

"ಐದೊರ್ಷದಾಗೆ ನೀ ಏನ್ ನೋಡ್ದೆ ಅಣ್ಣಾ?" ಎಂದು ಕೇಳಿದಳು.

"ಟೀ," ಎಂದೆ.

ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ.

ಒಂದು ಗುರುವಾರ ಅವಳು ಪೂರ್ವ ಕರಾವಳಿಯ ತೆರೆಂಗಾನುವಿಗೆ ಹೊರಟಳು. ಅಲ್ಲಿ ಸೊಂಗ್‌ಕೆಟ್ ಎಂಬ ಜರಿಬಟ್ಟೆ ನೇಯುತ್ತಾರೆ, ಅದನ್ನು ಹತ್ತು ದಿನ ಮಗ್ಗದಲ್ಲೇ ಕೂತು ಕಲಿಯಬೇಕು ಎಂದಳು. ಎರಡು ದಿನದ ಮೇಲೆ, ಬೆಳಗಿನ ಗಿರಾಕಿಗಳ ನಡುವೆ, ಅವಳಿಂದ ಫೋನಿಗೆ ಫೋಟೊ ಬಂತು. ಮರದ ಮನೆ. ಮಗ್ಗ. ಮಗ್ಗದಲ್ಲಿ ರೇವತಿ, ತಲೆಗೆ ಬಟ್ಟೆ ಸುತ್ತಿಕೊಂಡಿದ್ದಾಳೆ. ಪಕ್ಕದಲ್ಲಿ ಒಬ್ಬ ಮಲಾಯ್ ಯುವಕ ನಗುತ್ತ ನಿಂತಿದ್ದಾನೆ.

ಆ ಕ್ಷಣ ನನಗೆ ಭಯವಾಯಿತು, ಕೋಪ ಬಂತು ಎಂದು ಬರೆದರೆ ನೀವು ನಂಬುತ್ತೀರಿ. ನಿಜ ಬೇರೆ. ನನಗೆ ಒಂದು ಸಣ್ಣ ಸಂತೋಷವಾಯಿತು. ಎಲ್ಲ ಕಡೆ ಗೆಲ್ಲುವವಳು ಕೊನೆಗೂ ಎಡವಿದಳು ಎನ್ನುವ ಸಂತೋಷ. ಆ ಸಂತೋಷದಲ್ಲೇ ಅಪ್ಪನಿಗೆ ಫೋನ್ ಮಾಡಿದೆ.

ಸೇಲಂನಲ್ಲಿ ಆಗ ನಸುಕು. ಅಪ್ಪ ಪಾವಡಿಯಲ್ಲಿದ್ದರು. ಮಗ್ಗಕ್ಕೆ ಏರಿಸುವ ಉದ್ದದ ನೂಲಿನ ಹಾಸನ್ನು ನಾವು ಪಾವು ಎನ್ನುತ್ತೇವೆ. ಬಿಸಿಲೇರುವ ಮೊದಲು ಅದನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಅಕ್ಕಿಗಂಜಿ ಹಚ್ಚಿ, ಎಳೆ ಎಳೆ ಬಿಡಿಸುವ ಬಯಲೇ ಪಾವಡಿ. ಒಂದು ಮನೆಯ ಪಾವಿಗೆ ಇಡೀ ಬೀದಿ ಕೈ ಕೊಡಬೇಕು. ಅಪ್ಪನ ಕೈ ತುಂಬ ಗಂಜಿ. ಯಾರೋ ಫೋನ್ ಒತ್ತಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದ್ದರು. ನನಗೆ ಗೊತ್ತಿರಲಿಲ್ಲ.

"ಅಪ್ಪಾ, ರೇವತಿ ಮಲಾಯ್ ಮುಸ್ಲಿಮರ ಮನೇಲಿ ಅವ್ಳೆ. ತಲೆಗೆ ಬಟ್ಟೆ ಕಟ್ಟವ್ಳೆ. ಪಕ್ಕದಾಗೆ ಒಬ್ಬ ಅವ್ನೆ."

"ಯಾವನ್ಲಾ ಅವ್ನು?"

ಕೇಳಿದ್ದು ಅಪ್ಪನಲ್ಲ, ದೊಡ್ಡಪ್ಪ. ಹಿಂದೆ ಇನ್ನೂ ಹತ್ತು ದನಿ. ನನ್ನ ಮಾತನ್ನು ಇಡೀ ಪಾವಡಿ ಕೇಳಿಸಿಕೊಂಡಿತ್ತು.

ಆಮೇಲೆ ಅಪ್ಪನ ದನಿ ಬಂತು. "ಮಾನಂ ಪೋಚ್ಚುಲಾ." ಮಾನ ಹೋಯಿತು ಎನ್ನಲು ಅವರು ತಮಿಳಿಗೆ ಹೊರಳಿದ್ದರು. ದುಃಖ ಹೆಚ್ಚಾದಾಗ ಅವರಿಗೆ ಹಾಗಾಗುತ್ತದೆ. "ಸೋಮವಾರ ಕಾಲೇಜ್ಗೆ ಓಗಿ, ಎಣ್ಣು ಇನ್ ಓದಾಕಿಲ್ಲ ಅಂತ ಬರ್ಕೊಡ್ತೀನಿ. ನೀ ಓಗಿ ಕರ್ಕೊಂಬಾ."

ಮರುದಿನ ಬಸ್ ಹತ್ತಿದೆ. ಎಂಟು ಗಂಟೆಯ ದಾರಿ. ಐದು ವರ್ಷದಲ್ಲಿ ಮೊದಲ ಸಲ ಈ ದೇಶದ ಸಮುದ್ರ ಕಂಡೆ. ನೋಡುವ ಮನಸ್ಸಿರಲಿಲ್ಲ.

ಹಳ್ಳಿಗೆ ಅಲ್ಲಿ ಕಂಪುಂಗ್ ಎನ್ನುತ್ತಾರೆ. ತೆಂಗಿನ ಮರಗಳ ನಡುವೆ ಕಂಬಗಳ ಮೇಲೆ ಎತ್ತಿ ಕಟ್ಟಿದ ಮನೆ. ಜಗಲಿಯ ಮೇಲೆ ಮಗ್ಗ, ಮಗ್ಗದಲ್ಲಿ ರೇವತಿ. ಅವಳ ಸಹಪಾಠಿಗಳಾದ ಇಬ್ಬರು ಹುಡುಗಿಯರು ಪಕ್ಕದಲ್ಲಿ ಜರಿ ಸುತ್ತುತ್ತಿದ್ದರು. ಫೋಟೊದ ಯುವಕನೂ ಅವರ ತರಗತಿಯವನೇ, ಅದು ಅವನ ತಾಯಿಯ ಮನೆ. ಆ ತಾಯಿಯೇ ನೇಯುವುದನ್ನು ಕಲಿಸುತ್ತಿದ್ದವರು. ಅವರ ಹೊಟ್ಟೆ ದೊಡ್ಡದು, ದನಿ ಇನ್ನೂ ದೊಡ್ಡದು. ಕಡಲ ಗಾಳಿಗೆ ಕೂದಲು ಹಾರಿ ಜರಿಗೆ ಸಿಕ್ಕಬಾರದೆಂದು ಕಲಿಯಲು ಬಂದ ಮೂವರು ಹುಡುಗಿಯರೂ ತಲೆಗೆ ಬಟ್ಟೆ ಸುತ್ತಿದ್ದರು.

ನಮ್ಮಮ್ಮ ಮಗ್ಗಕ್ಕೆ ಕೂರುವಾಗ ತಲೆಗೆ ಟವೆಲ್ ಸುತ್ತುತ್ತಾಳೆ. ಅದನ್ನು ದಿನವೂ ನೋಡಿ ಬೆಳೆದವನು ನಾನು. ಫೋಟೊದಲ್ಲಿ ಅದು ನನಗೆ ಕಾಣಲಿಲ್ಲ.

ಆ ತಾಯಿ ನನ್ನನ್ನು ಕಂಡ ಕೂಡಲೇ, "ಸುದಾ ಮಾಕನ್?" ಎಂದರು. ಉಂಡೆಯಾ ಎಂದು. ನಮ್ಮ ಬೀದಿಯಲ್ಲಿ ಮನೆಗೆ ಬಂದವರನ್ನು ಮೊದಲು ಕೇಳುವುದೂ ಅದನ್ನೇ. ಅನ್ನದ ತಟ್ಟೆ ಕೈಗೆ ಬಂತು. ತಲೆ ಎತ್ತಲಾರದೆ ಉಂಡೆ.

ಆಮೇಲೆ ತೆಂಗಿನ ಮರದ ಕೆಳಗೆ ರೇವತಿಗೆ ಎಲ್ಲವನ್ನೂ ಹೇಳಿದೆ. ಫೋನು, ಪಾವಡಿ, ಸೋಮವಾರ.

"ತಪ್ಪಾಗಿ ತಿಳ್ಕಂಡ್ಬುಟ್ಟೆ ಲೇ," ಎಂದೆ.

ಅವಳು ಅಳಲಿಲ್ಲ. "ತಪ್ಪಾಗಿ ತಿಳ್ಕಂಡಿದ್ದಕ್ಕಾ ನಿಂಗೆ ಬ್ಯಾಸ್ರ? ಸರಿಯಾಗೇ ತಿಳ್ಕಂಡಿದ್ರೆ? ಅವ್ನು ನಂಗೆ ಇಷ್ಟ ಆಗಿದ್ರೆ? ಆಗ ನೀ ಮಾಡಿದ್ದು ಸರಿನಾ?"

ಅವಳೇ ಮುಂದುವರಿಸಿದಳು.

"ಪರೀಕ್ಷೆಗೆ ಇನ್ನಾರು ವಾರ ಐತೆ. ನಾ ಬರಾಕಿಲ್ಲ. ಎತ್ಕಂಡ್ ಓಗ್ತೀಯಾ? ಎತ್ಕ ನೋಡಾನ."

ಅಲ್ಲೇ ನಿಂತು ಅಪ್ಪನಿಗೆ ಫೋನ್ ಮಾಡಿದೆ. ಅವಳು ಎದುರಿಗೆ ಕೈ ಕಟ್ಟಿ ನಿಂತಿದ್ದಳು. "ಅಪ್ಪಾ, ನಾ ಕರ್ಕೊಂಬರಾಕಿಲ್ಲ. ಅವ್ಳು ನೇಯೋದ್ ಕಲೀತಾವ್ಳೆ, ನಿನ್ ಕಸುಬೇ. ನೀ ಬರ್ಕೊಟ್ರೆ ಅವ್ಳ್ ಜೊತೆ ನಾನೂ ಆ ಮನೆಗೆ ಕಾಲಿಡಾಕಿಲ್ಲ." ಅಪ್ಪನ ಎದುರು ನಾನು ಹಾಗೆ ಮಾತಾಡಿದ್ದು ಅದೇ ಮೊದಲು. ಅವರು ಫೋನ್ ಇಟ್ಟರು.

ಸೋಮವಾರ ಅಪ್ಪ ಬಿಳಿ ಅಂಗಿ ತೊಟ್ಟು ಹೊರಟರಂತೆ. ಬಸ್ ನಿಲ್ದಾಣದವರೆಗೆ ಹೋಗಿ, ಎರಡು ಬಸ್ ಬಿಟ್ಟು, ಹಿಂದಕ್ಕೆ ಬಂದು ಮಗ್ಗಕ್ಕೆ ಕೂತರಂತೆ. ಇದನ್ನು ಅಮ್ಮ ಹೇಳಿದಳು. ಯಾಕೆ ಎಂದು ಅಪ್ಪ ಯಾರಿಗೂ ಹೇಳಿಲ್ಲ.

ರೇವತಿ ಪರೀಕ್ಷೆ ಬರೆದು ಊರಿಗೆ ಹೋದಳು. ಹೋಗುವ ಮೊದಲು ನಾನು ಮತ್ತೆ ತಪ್ಪಾಯಿತು ಎನ್ನಲು ಹೋದೆ. ಅವಳು ತಡೆದಳು. "ನೀ ಯೋಳಿದ್ದು ಪಾವಡೀಲಿ. ಇಲ್ಲಿ ಮೂಲೇಲಿ ತಪ್ಪಾಯ್ತು ಅಂದ್ರೆ ಎಂಗೆ? ಅಲ್ಲೇ ಯೋಳು."

ನನಗೆ ರಜೆ ಸಿಕ್ಕಿದ್ದು ಎಂಟು ತಿಂಗಳ ಮೇಲೆ. ಅಷ್ಟರಲ್ಲಿ ಬೀದಿ ಅವಳಿಗೆ ಹೆಸರಿಟ್ಟಾಗಿತ್ತು, 'ಮಲಾಯ್‌ಕಾರಿ' ಎಂದು. ಅವಳು ಆ ಹೆಸರು ಕೂಗಿದವರ ಕಡೆ ತಿರುಗಿ, ಅವರಿಗೆ ಅರ್ಥವಾಗದ ಮಲಾಯ್‌ನಲ್ಲೇ ಉತ್ತರ ಕೊಟ್ಟು ನಡೆಯುತ್ತಿದ್ದಳು. ಹೊರದೇಶದಲ್ಲೇ ಮುಂದೆ ಓದಲು ಅರ್ಜಿಯನ್ನೂ ಹಾಕಿದ್ದಳು. ದೊಡ್ಡಪ್ಪ, "ಇನ್ನ ಇವ್ಳ್ನ ಯಾರ್ ಕಟ್ಕಂಡಾರು?" ಎಂದು ಎಲ್ಲರೆದುರು ಕೇಳುತ್ತಿದ್ದರು.

ನಾನೂ ಊರಲ್ಲಿ ಅರ್ಧ ಮನುಷ್ಯನಾಗಿದ್ದೆ. ಸಾರಿನಲ್ಲಿ ಮೀನಿನ ವಾಸನೆ ಹುಡುಕುತ್ತಿದ್ದೆ. ಮಾತಿನ ನಡುವೆ "ನಮ್ಮೂರಲ್ಲಿ ಟ್ರೇನು ಇಂಗಲ್ಲ" ಎಂದಾಗ ಅಮ್ಮ, "ಯಾವ್ದ್ಲಾ ನಿಮ್ಮೂರು?" ಎಂದಳು. ಕೌಲಾಲಂಪುರದಲ್ಲಿ ಕೂತಾಗ ಸೇಲಂ ನಮ್ಮೂರು, ಸೇಲಂನಲ್ಲಿ ಕೂತಾಗ ಕೌಲಾಲಂಪುರ ನಮ್ಮೂರು. ನಿಂತ ನೆಲವನ್ನು ನನ್ನದೆನ್ನುವ ಅಭ್ಯಾಸ ನನಗೆ ತಪ್ಪಿಹೋಗಿದೆ. ರೇವತಿಗೆ ಆ ಕಷ್ಟವಿಲ್ಲ. ಅವಳು ಎರಡೂ ನಂದೇ ಎನ್ನುತ್ತಾಳೆ.

ಹೊರಡುವ ಎರಡು ದಿನ ಮುಂಚೆ ನಮ್ಮ ಮನೆಯ ಪಾವು ಬೀದಿಗೆ ಬಂತು. ಇಪ್ಪತ್ತು ಜನ ಎರಡೂ ಬದಿಗೆ ನಿಂತು ಎಳೆ ಬಿಡಿಸುತ್ತಿದ್ದರು. ಗಂಜಿ ಹಸಿಯಿರುವಾಗ ಯಾರೂ ಕೈ ಬಿಡುವಂತಿಲ್ಲ. ಬಿಟ್ಟರೆ ಎಳೆಗಳು ಅಂಟಿಕೊಂಡು ಪಾವೇ ಹಾಳು. ರೇವತಿ ನನ್ನ ಎದುರು ಬದಿಯಲ್ಲಿದ್ದಳು. ನಾನು, "ಎಲ್ರೂ ಒಸಿ ಕೇಳಿ" ಎಂದೆ.

"ಪಾವು ಇಡ್ಕಂಡಿದ್ದೀವಿ. ಆಮ್ಯಾಕ್ ಮಾತಾಡ್ಲಾ," ಎಂದರು ದೊಡ್ಡಪ್ಪ.

"ಇಡ್ಕಂಡಿರಾದ್ಕೇ ಈಗ ಮಾತಾಡ್ತಾ ಇರಾದು ದೊಡ್ಡಪ್ಪಾ. ಬುಟ್ರೆ ನೀ ನಿಲ್ತೀಯಾ?"

ಹೆಂಗಸರು ನಕ್ಕರು. ಅಪ್ಪ ತಲೆ ಎತ್ತಲಿಲ್ಲ, ಆದರೆ ಅವರ ಕೈ ನಿಂತಿತು. ರೇವತಿ ನನ್ನನ್ನೇ ನೋಡುತ್ತಿದ್ದಳು. ನಾನು ಬೀದಿಯ ಕೊನೆಯವರಿಗೂ ಕೇಳುವಂತೆ ಹೇಳಿದೆ:

"ರೇವತೀ, ಅವತ್ತು ನಾ ಫೋನ್‌ನಾಗೆ ನಿನ್ ಬಗ್ಗೆ ಯೋಳಿದ್ದು ಸುಳ್ಳು. ನಿಜ ಆಗಿದ್ರೂ ಅದ್ನ ಯೋಳಾಕೆ ನಾನ್ಯಾರು? ನೀ ನೋಡಿದ್ದನ್ನ ನಾ ನೋಡ್ನಿಲ್ಲ ಅಂತ ನಂಗೆ ಒಟ್ಟೆ ಉರೀತು, ಅದ್ಕೇ ಯೋಳ್ದೆ. ತಪ್ಪು ನಂದು, ನಿಂದೇನೂ ಇಲ್ಲ. ನನ್ನ ಮನ್ನಿಸ್ಬುಡಮ್ಮಾ."